ಬೀಳಬೇಕಾದದ್ದು ಬಿದ್ದಿತೇ?

ಕಳೆದ ಆಟಿಯಲ್ಲಿ ಒಂದು ದಿನ ನಮ್ಮ ಮನೆಯ ಇಎಲ್‌ಸಿಬಿ ಬೀಳಲಿಲ್ಲ. ಬೀಳದೇ ಇದ್ದದ್ದೇ ಸುದ್ದಿ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಜಗಲಿಯ ಮೂಲೆಯ ಪೆಟ್ಟಿಗೆಯಲ್ಲಿದ್ದು, ಕರೆಂಟು ಸೋರಿದರೆ ತಾನಾಗಿ ಬಿದ್ದು ಮನೆಯ ಕರೆಂಟು ತಪ್ಪಿಸುವ ಆ ಸ್ವಿಚ್ಚಿಗೆ ಊರಲ್ಲಿ ಎಲ್ಲರೂ ಇಎಲ್‌ಸಿಬಿ ಎನ್ನುತ್ತಾರೆ, ಅಂಗಡಿಯವರು ಆರ್‌ಸಿಸಿಬಿ ಎಂದು ಬಿಲ್ ಬರೆಯುತ್ತಾರೆ. ಅದರ ಮೇಲೊಂದು ಸಣ್ಣ ಟೆಸ್ಟ್ ಬಟನ್ ಇದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುವುದು ಅಪ್ಪನ ಕ್ರಮ. ಯಾರಿಗೂ ಹೇಳುವುದಿಲ್ಲ. ಉಪ್ಪರಿಗೆಯಲ್ಲಿ ನನ್ನ ವೈಫೈ ಹೋಗುತ್ತದೆ, ಅಡುಗೆಮನೆಯಲ್ಲಿ ಅರ್ಧ ಚಟ್ನಿಗೆ ಮಿಕ್ಸಿ ನಿಲ್ಲುತ್ತದೆ. "ಒಂದು ಮಾತು ಹೇಳಿ ಒತ್ತಬಾರದಾ?" ಎಂದು ಅಮ್ಮ ಕೇಳಿದರೆ, "ಶಾಕ್ ಏನು ಹೇಳಿ ಹೊಡೀತದಾ?" ಎಂದು ಅಪ್ಪ. ಆ ದಿನ ಒತ್ತಿದರು. ಮಿಕ್ಸಿ ತಿರುಗುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದರು. ಹಾಗೆಯೇ.

ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬರಬೇಕು. ಎಲ್ಲೋ ಒದ್ದೆ ಗೋಡೆಯಲ್ಲಿಯೋ ಮನುಷ್ಯನ ಮೈಯಲ್ಲಿಯೋ ಸೋರಿ ಹೋದರೆ ಲೆಕ್ಕ ತಪ್ಪುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಸ್ವಿಚ್ಚು 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಬೀಳಬೇಕು. ಟೆಸ್ಟ್ ಬಟನ್ ಒತ್ತಿದಾಗ ಒಳಗಿರುವ ಒಂದು ರೆಸಿಸ್ಟರ್ ಮೂಲಕ ಬೇಕೆಂದೇ ಅಷ್ಟು ಕರೆಂಟು ಸೋರುತ್ತದೆ. ಅದು ನಾಟಕವಲ್ಲ, ಲೆಕ್ಕ ನಿಜವಾಗಿಯೇ ತಪ್ಪುತ್ತದೆ. ತೊಂದರೆ ಏನೆಂದರೆ, ಉಳಿದ ದಿನಗಳಲ್ಲಿ ಕೆಟ್ಟ ಇಎಲ್‌ಸಿಬಿಯೂ ಸರಿಯಿರುವ ಇಎಲ್‌ಸಿಬಿಯೂ ನೋಡಲಿಕ್ಕೆ ಒಂದೇ. ಎರಡೂ ಸುಮ್ಮನೆ ಕೂತಿರುತ್ತವೆ, ದೀಪ ಉರಿಯುತ್ತಿರುತ್ತದೆ.

ನನ್ನ ಕಸುಬು ಪ್ರೋಗ್ರಾಂ ಬರೆಯುವುದು. ಆ ರಾತ್ರಿ ನಾನು ಬರೆದದ್ದರಲ್ಲಿ ಬೀಳಬೇಕಾದವು ಯಾವುವು, ಅವುಗಳ ಬಟನ್ ಯಾರಾದರೂ ಒತ್ತಿದ್ದಾರೆಯೇ ಎಂಬ ಹುಳ ತಲೆಗೆ ಹೊಕ್ಕಿತು. ನಾವೊಂದು ಅಡಿಕೆ ಖರೀದಿಯ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಂದು ಆ ದಿನದ ದರಗಳ ಒಂದು ಫೈಲ್ ಇರುತ್ತದೆ. ಅದು ಸಿಗದಿದ್ದರೆ ಪ್ರೋಗ್ರಾಂ ನಿಲ್ಲಬೇಕು. ನಿನ್ನೆಯ ದರದಲ್ಲೋ ಸೊನ್ನೆ ದರದಲ್ಲೋ ಬಿಲ್ ಮುದ್ರಿಸುವುದಕ್ಕಿಂತ ಬಾಗಿಲು ಹಾಕಿಕೊಳ್ಳುವುದೇ ಮೇಲು. ಇದಕ್ಕೆ ನಾನೊಂದು ಯುನಿಟ್ ಟೆಸ್ಟ್ ಬರೆದಿದ್ದೆ. ಯುನಿಟ್ ಟೆಸ್ಟ್ ಎಂದರೆ ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬೇರೆಯಾಗಿ ಓಡಿಸಿ ಉತ್ತರ ಸರಿಯೇ ಎಂದು ನೋಡುವ ಇನ್ನೊಂದು ಸಣ್ಣ ಪ್ರೋಗ್ರಾಂ. ಎರಡೂ ಎರಡೂ ಕೂಡಿಸಿದರೆ ನಾಲ್ಕು ಬಂತೇ ಎಂದು ನೋಡುವುದು ಸುಲಭ. ಉತ್ತರವೇ 'ಸತ್ತು ಹೋಗು' ಎಂದಿದ್ದರೆ?

ಸತ್ತೇ ಹೋಯಿತು, ಆದರೆ ಪರೀಕ್ಷಕನನ್ನೂ ಕರೆದುಕೊಂಡು. ಟೆಸ್ಟ್ ಓಡಿಸುವವನೂ ಓಡುವ ತುಂಡೂ ಒಂದೇ ಪ್ರೊಸೆಸ್‌ನೊಳಗೆ, ಅಂದರೆ ಓಡುತ್ತಿರುವ ಒಂದೇ ಪ್ರೋಗ್ರಾಮಿನೊಳಗೆ, ಇರುತ್ತಾರೆ. ತುಂಡು ಎಕ್ಸಿಟ್ ಎಂದು ಕರೆದದ್ದೇ ತಡ, ಇಡೀ ಪ್ರೊಸೆಸ್ ಮುಗಿಯಿತು. ಅಪ್ಪ ಬಟನ್ ಒತ್ತಿದಾಗ ನನ್ನ ವೈಫೈ ಹೋಗುವ ಹಾಗೆ. ಮುಗಿಯುವಾಗ ಪ್ರೋಗ್ರಾಂ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ. ಸೊನ್ನೆ ಎಂದರೆ 'ಎಲ್ಲ ಸರಿ'. ನಾನು ಕೈರೂಢಿಯಿಂದ ಅಲ್ಲಿ ಸೊನ್ನೆಯನ್ನೇ ಬರೆದಿದ್ದೆ. ಒಟ್ಟು 62 ಟೆಸ್ಟ್‌ಗಳು, ಹತ್ತೊಂಬತ್ತನೆಯದರಲ್ಲಿ ಓಟ ನಿಂತಿತು, ಟೆಸ್ಟ್ ಓಡಿಸುವ ಸರ್ವರ್ ಸೊನ್ನೆ ನೋಡಿ ಹಸಿರು ದೀಪ ಹಾಕಿತು. 40 ಸೆಕೆಂಡ್ ಹಿಡಿಯುತ್ತಿದ್ದದ್ದು 9ಕ್ಕೆ ಇಳಿದಾಗ ನಾನು ಖುಷಿಪಟ್ಟಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇದಕ್ಕೆ ಮದ್ದು ಹಳೆಯದು. ಸಾಯುವ ಕೆಲಸವನ್ನು ಬೇರೆ ಪ್ರೊಸೆಸ್‌ಗೆ ಒಪ್ಪಿಸಿ, ಹೊರಗೆ ನಿಂತು ನೋಡುವುದು. ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಫೋರ್ಕ್ ಎಂಬ ಕರೆ ಇದೆ. ಓಡುತ್ತಿರುವ ಪ್ರೊಸೆಸ್‌ನ ಪಡಿಯಚ್ಚು ಒಂದನ್ನು ಅದು ಹುಟ್ಟಿಸುತ್ತದೆ. ಮಗು ಸಾಯುತ್ತದೆ, ತಾಯಿ ಕಾದಿದ್ದು ಅದು ಬಿಟ್ಟುಹೋದ ಸಂಖ್ಯೆಯನ್ನೂ ಕೊನೆಯ ಮಾತನ್ನೂ ಓದುತ್ತಾಳೆ. ಸಿ++ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಬಳಸುವ ಗೂಗಲ್ ಟೆಸ್ಟ್ ಎಂಬ ಪರೀಕ್ಷಾ ಸಲಕರಣೆಯಲ್ಲಿ ಇದಕ್ಕೆ ಡೆತ್ ಟೆಸ್ಟ್ ಎಂದೇ ಹೆಸರು.

ಮಗು ಸತ್ತಿತು ಎಂದಷ್ಟಕ್ಕೆ ಸಮಾಧಾನಪಡಬಾರದು. ನಮ್ಮ ಕಡೆ ನೀರಿಗಾಗಿ ಸುರಂಗ ತೋಡುವವರನ್ನು ನೋಡಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಅಗೆಯುತ್ತ ಹೋಗುತ್ತಾರೆ. ಒಳಗಿದ್ದವರು ಹೊರಗೆ ಬರುವುದಕ್ಕೆ ಬೇರೆ ಬೇರೆ ಕಾರಣ ಇರುತ್ತದೆ. ನೀರು ಸಿಕ್ಕಿತು, ಅದು ಒಂದು. ಒಳಗೆ ಹಚ್ಚಿಟ್ಟ ಮೇಣದ ಬತ್ತಿ ನಂದಿತು, ಅಂದರೆ ಉಸಿರಾಡುವ ಗಾಳಿ ಇಲ್ಲ, ಅದು ಇನ್ನೊಂದು. ಮೇಲಿನ ಮಣ್ಣು ಜರಿಯಿತು, ಅದು ಮತ್ತೊಂದು. ಯಜಮಾನ ಸುರಂಗದ ಬಾಯಿಯಲ್ಲಿ ನಿಂತು 'ಹೊರಗೆ ಬಂದರು, ಕೆಲಸ ಆಯಿತು' ಎಂದು ಬರೆದುಕೊಂಡರೆ ಹೇಗೆ?

ಪ್ರೋಗ್ರಾಮೂ ತಾನು ಯಾಕೆ ಬಂದೆ ಎಂದು ಹೇಳುತ್ತದೆ, ಕೇಳುವವರಿದ್ದರೆ. ಪದ ಹುಡುಕುವ ಗ್ರೆಪ್ ಸಿಕ್ಕಿದರೆ 0, ಸಿಗದಿದ್ದರೆ 1, ಕೆಲಸವೇ ಕೆಟ್ಟರೆ 2 ಎನ್ನುತ್ತದೆ. ತಾನಾಗಿ ಅಬಾರ್ಟ್ ಮಾಡಿಕೊಂಡರೆ ಲಿನಕ್ಸ್‌ನ ಶೆಲ್ (ನಾವು ಆಜ್ಞೆ ಟೈಪ್ ಮಾಡುವ ಜಾಗ) ನಮಗೆ 134 ತೋರಿಸುತ್ತದೆ: 128, ಅದರ ಮೇಲೆ ಪ್ರೋಗ್ರಾಮನ್ನು ಕೊಂದ ಸಿಗ್ನಲ್‌ನ ಸಂಖ್ಯೆ 6. ತನ್ನದಲ್ಲದ ನೆನಪಿನ ಜಾಗಕ್ಕೆ ಕೈ ಹಾಕಿ ಸತ್ತರೆ 139. ದರದ ಫೈಲ್ ಇಲ್ಲದ್ದಕ್ಕೆ ಶಿಸ್ತಾಗಿ ನಿಲ್ಲಬೇಕಾದ ಪ್ರೋಗ್ರಾಂ 139 ಎಂದು ಸತ್ತರೆ ಅದು ಮಣ್ಣು ಜರಿದದ್ದು. ಹಾಗಾಗಿ ಒಳ್ಳೆಯ ಡೆತ್ ಟೆಸ್ಟ್ ಸಂಖ್ಯೆಯನ್ನೂ ನೋಡುತ್ತದೆ, 'ದರದ ಫೈಲ್ ಇಲ್ಲ' ಎಂಬ ಸಂದೇಶ ಬಂದಿದೆಯೇ ಎಂದೂ ನೋಡುತ್ತದೆ. ಸಂಖ್ಯೆಯನ್ನು ನೋಡದೆ ಸಂದೇಶದ ಜಾಗವನ್ನೂ ಖಾಲಿ ಬಿಟ್ಟರೆ ಯಾವ ಅಪಮೃತ್ಯುವಾದರೂ ಪಾಸು. ಅಂದ ಹಾಗೆ, ಈ ಸಂಖ್ಯೆಗೆ ಎಂಟು ಬಿಟ್‌ಗಳಷ್ಟೇ ಜಾಗ, ಅಂದರೆ 0ಯಿಂದ 255ರವರೆಗೆ ಮಾತ್ರ. ತಪ್ಪುಗಳ ಎಣಿಕೆಯನ್ನೇ ಎಕ್ಸಿಟ್ ಸಂಖ್ಯೆಯಾಗಿ ಕೊಡುವ ಜಾಣರಿದ್ದಾರೆ. ಸರಿಯಾಗಿ 256 ತಪ್ಪುಗಳಾದ ದಿನ ಅದು ಸುತ್ತಿ ಬಂದು ಸೊನ್ನೆಯಾಗುತ್ತದೆ.

ಫೋರ್ಕ್‌ನಲ್ಲೂ ಒಂದು ಕುಣಿಕೆ ಇದೆ, ನಾನು ಎರಡು ದಿನ ಅದರಲ್ಲಿ ಸಿಕ್ಕಿಕೊಂಡಿದ್ದೆ. ಒಂದು ಪ್ರೊಸೆಸ್‌ನಲ್ಲಿ ಹಲವು ಥ್ರೆಡ್‌ಗಳು, ಅಂದರೆ ಹಲವು ಆಳುಗಳು, ಒಟ್ಟಿಗೆ ದುಡಿಯುತ್ತಿರಬಹುದು. ಫೋರ್ಕ್ ಮನೆಯ ಪೂರ್ತಿ ನಕಲು ಮಾಡುತ್ತದೆ, ಆದರೆ ಆಳುಗಳಲ್ಲಿ ಕರೆದವನೊಬ್ಬನನ್ನೇ ಅದರೊಳಗೆ ಬಿಡುತ್ತದೆ. ಅದೇ ಗಳಿಗೆಯಲ್ಲಿ ಇನ್ನೊಬ್ಬ ಅಡಿಕೆ ಕೋಣೆಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದನೆನ್ನಿ. ನಕಲು ಮನೆಯಲ್ಲಿ ಬೀಗ ಬಿದ್ದೇ ಇದೆ, ಕೀಲಿಕೈ ಇದ್ದವನೇ ಇಲ್ಲ. ಮಗು ಬಾಗಿಲ ಮುಂದೆ ಕಾಯುತ್ತಲೇ ಇರುತ್ತದೆ. ಡೆತ್ ಟೆಸ್ಟ್‌ಗಳ ಗುಂಪಿನ ಹೆಸರು 'ಡೆತ್‌ಟೆಸ್ಟ್' ಎಂದು ಕೊನೆಯಾದರೆ ಗೂಗಲ್ ಟೆಸ್ಟ್ ಅವನ್ನು ಉಳಿದೆಲ್ಲದಕ್ಕಿಂತ ಮೊದಲು ಓಡಿಸುವುದು ಇದೇ ಕಾರಣಕ್ಕೆ, ಆಳುಗಳು ಬರುವ ಮುಂಚೆ. ನಕಲಿನ ಸಹವಾಸವೇ ಬೇಡವೆಂದರೆ ಪ್ರೋಗ್ರಾಮನ್ನು ಮೊದಲಿನಿಂದ ಹೊಸತಾಗಿ ಎಬ್ಬಿಸಿ ಆ ಒಂದೇ ಟೆಸ್ಟ್ ಓಡಿಸುವ ನಿಧಾನದ ಕ್ರಮವೂ ಇದೆ.

ಪೈಥಾನ್‌ನವರು ಸುಖಿಗಳು. ಅಲ್ಲಿ ಎಕ್ಸಿಟ್ ಎಂಬುದೇ ಒಂದು ಎಕ್ಸೆಪ್ಶನ್, ಅಂದರೆ ಕೆಲಸ ನಿಲ್ಲಿಸಿ ಮೇಲಕ್ಕೆ ಎಸೆಯುವ ಸೂಚನೆ; ಅದನ್ನು ನಡುವಿನಲ್ಲಿ ಹಿಡಿದು ಸಂಖ್ಯೆ ನೋಡಿ ಬಿಡಬಹುದು. ಜಾವಾದಲ್ಲಿ ಸೆಕ್ಯುರಿಟಿ ಮ್ಯಾನೇಜರ್ ಎಂಬ ಕಾವಲುಗಾರನನ್ನು ನಿಲ್ಲಿಸಿ ಎಕ್ಸಿಟ್ ತಡೆಯುವ ಉಪಾಯವಿತ್ತು. 2021ರ ಜಾವಾ 17ರಲ್ಲಿ ಅವನಿಗೆ ನೋಟಿಸ್ ಹೋಯಿತು, 2025ರ ಜಾವಾ 24ರಲ್ಲಿ ಕೆಲಸವೂ ಹೋಯಿತು.

ಇನ್ನು ನಿಲ್ಲಬೇಕಾದದ್ದು ನಿಲ್ಲದೇ ಇದ್ದರೆ? ಸುರಂಗದ ನೀರು ಇನ್ನು ಎಷ್ಟು ಕೋಲು ಒಳಗಿದೆ ಎಂದು ಅಗೆಯುವವರಿಗೂ ಗೊತ್ತಿರುವುದಿಲ್ಲ. ಪ್ರೋಗ್ರಾಂಗಳ ವಿಷಯದಲ್ಲಿ ಇದು ಇನ್ನೂ ಗಟ್ಟಿ: ಯಾವ ಪ್ರೋಗ್ರಾಂ ಕೊಟ್ಟರೂ ಅದು ಕೊನೆಗೆ ನಿಲ್ಲುತ್ತದೋ ಇಲ್ಲವೋ ಹೇಳಬಲ್ಲ ಒಂದೇ ವಿಧಾನ ಸಾಧ್ಯವೇ ಇಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಿಂದ ಬಂದ ತಿಳಿವಳಿಕೆ ಇದು. ಹಾಗಾಗಿ ನಾವು ಯಜಮಾನರ ಹಾಗೆ ಮಾಡುತ್ತೇವೆ: ಇಷ್ಟು ಕೋಲು ಆದ ಮೇಲೆ ಬಿಟ್ಟುಬಿಡಿ. ಲಿನಕ್ಸ್‌ನ ಟೈಮ್‌ಔಟ್ ಆಜ್ಞೆ ಗಡುವು ಮೀರಿದ ಪ್ರೋಗ್ರಾಮನ್ನು ಕೊಂದು 124 ಎಂಬ ಸಂಖ್ಯೆ ಕೊಡುತ್ತದೆ. ಅದರ ಅರ್ಥ 'ಎಂದಿಗೂ ನಿಲ್ಲದು' ಎಂದಲ್ಲ, 'ನಾನು ಕಾದಷ್ಟು ಹೊತ್ತಿನಲ್ಲಿ ನಿಲ್ಲಲಿಲ್ಲ' ಎಂದಷ್ಟೇ.

ಆ ರಾತ್ರಿ ದರದ ಫೈಲಿನ ಟೆಸ್ಟನ್ನು ಡೆತ್ ಟೆಸ್ಟ್ ಮಾಡಿ, ಎಕ್ಸಿಟ್ ಸಂಖ್ಯೆಯನ್ನು 3 ಎಂದು ಬದಲಿಸಿ, 62 ಟೆಸ್ಟ್‌ಗಳನ್ನೂ ಓಡಿಸಿದೆ. ಈ ಸಲ ಪೂರ್ತಿ 40 ಸೆಕೆಂಡ್ ಹಿಡಿಯಿತು. ಇಷ್ಟು ದಿನ ಓಡದೇ ಇದ್ದ 43ರಲ್ಲಿ ಎರಡು ಕೆಂಪು. ಒಂದು ಏನೂ ಅಲ್ಲ, ತಾರೀಕಿನ ರೂಪ. ಇನ್ನೊಂದು, ಅರ್ಧ ಕಿಲೋಗಿಂತ ಕಡಿಮೆ ಕರಿಗೋಟು ತಂದವರ ತೂಕವನ್ನು ಸೊನ್ನೆಗೆ ಇಳಿಸಿಬಿಡುತ್ತಿತ್ತು. ಬೆಳಿಗ್ಗೆ ಅಪ್ಪ ಹೊಸ ಇಎಲ್‌ಸಿಬಿ ತರಲು ಪೇಟೆಗೆ ಹೊರಟರು, ನಾನು ಅವರ ಸ್ಕೂಟರಿನ ಹಿಂದೆ ಕೂತು ಖರೀದಿ ಕೇಂದ್ರಕ್ಕೆ ಹೋದೆ. ಹಳೆಯ ಬಿಲ್ಲುಗಳನ್ನು ತಿದ್ದಲು ಅಲ್ಲಿನ ಗುಮಾಸ್ತರೂ ನಾನೂ ಎರಡು ಶನಿವಾರ ಕೂತೆವು.