ನಾಪತ್ತೆಯಾದ ಸೇನಾನಿ: ತಾನಾಗಿ ಹೋದನೇ, ಹೊತ್ತೊಯ್ದರೇ?

ಮಡಿಕೇರಿಯ ನಮ್ಮ ಓದುಗುಂಪಿನಲ್ಲಿ ಕಳೆದ ಭಾನುವಾರ ಇರಾನಿನ ಜನರಲ್ ಅಲಿ ರೆಜಾ ಅಸ್ಗರಿ ಅವರ ಪ್ರಕರಣವನ್ನು ಚರ್ಚೆಗೆ ಎತ್ತಿಕೊಂಡೆವು. ಐದು ನಿಮಿಷ ಕಳೆಯುವ ಮೊದಲೇ ಒಬ್ಬರ ಬಾಯಿಂದ 'ದ್ರೋಹಿ' ಎಂಬ ಮಾತು ಬಂತು. ಹಿಂದೆ ಕುಳಿತಿದ್ದ ನಿವೃತ್ತ ಸುಬೇದಾರರು, "ಅದನ್ನು ನೋಡಿದವರು ಯಾರು ಮಕ್ಕಳೇ?" ಎಂದು ಕೇಳಿದರು. ಕೋಣೆ ಮೌನವಾಯಿತು. ಆ ಪ್ರಶ್ನೆ ವಾರವಿಡೀ ನನ್ನನ್ನು ಬಿಡಲಿಲ್ಲ. ಬರಲಾಗದವರಿಗಾಗಿ ಈ ಟಿಪ್ಪಣಿ.

ಮೊದಲು ಪದಗಳು

'ಪಕ್ಷಾಂತರ' ಎಂದರೆ ನಮಗೆ ಶಾಸಕರು ನೆನಪಾಗುತ್ತಾರೆ. ಇಲ್ಲಿಗೆ ಅದು ಒಗ್ಗುವುದಿಲ್ಲ. ನಾನು 'ಪಾಳಯ ಬದಲಿಸುವುದು' ಎಂದು ಬರೆದುಕೊಂಡಿದ್ದೇನೆ. ನಮ್ಮ 1950ರ ಸೇನಾ ಕಾಯ್ದೆ ಈ ವಿಷಯದಲ್ಲಿ ನಮಗಿಂತ ತಾಳ್ಮೆಯುಳ್ಳದ್ದು. ರಜೆಯಿಲ್ಲದೆ ಗೈರಾಗುವುದು 39ನೇ ಕಲಂ, ಸೇನೆ ತೊರೆದು ಪಲಾಯನ ಮಾಡುವುದು 38ನೇ ಕಲಂ. ಇವೆರಡನ್ನು ಬೇರ್ಪಡಿಸುವುದು ದಿನಗಳ ಲೆಕ್ಕವಲ್ಲ, ಮನಸ್ಸಿನ ಉದ್ದೇಶ: ಮರಳುವ ಇಚ್ಛೆ ಇತ್ತೇ, ಇರಲಿಲ್ಲವೇ ಎಂಬುದು. ಅನುಮತಿಯಿಲ್ಲದೆ 30 ದಿನ ಕಾಣದಿದ್ದರೆ 106ನೇ ಕಲಂನಂತೆ ವಿಚಾರಣಾ ಮಂಡಳಿ ಕೂರುತ್ತದೆ. ಶತ್ರುವಿಗೆ ನೆರವಾಗುವುದು ಇನ್ನೂ ಬೇರೆಯದೇ ಅಪರಾಧ. ಅದು 34ನೇ ಕಲಂ, ಅದಕ್ಕೆ ಮರಣದಂಡನೆಯೂ ಉಂಟು. ಕಾಣೆಯಾದದ್ದು, ಓಡಿಹೋದದ್ದು, ಶತ್ರುವನ್ನು ಸೇರಿದ್ದು ಎಂಬ ಮೂರನ್ನು ಕಾಯ್ದೆ ಮೂರು ಕಡೆ ಇಟ್ಟಿದೆ. ನಾವು ಒಂದೇ ಉಸಿರಿನಲ್ಲಿ ಮೂರನ್ನೂ ಹೇಳಿಬಿಟ್ಟಿದ್ದೆವು.

ಇಸ್ತಾಂಬುಲ್

ಅಸ್ಗರಿ ಸಾಮಾನ್ಯ ಅಧಿಕಾರಿಯಲ್ಲ. ಇರಾನಿನ ಮಾಮೂಲಿ ಸೇನೆಯಿಂದ ಬೇರೆಯಾದ ರೆವಲ್ಯೂಷನರಿ ಗಾರ್ಡ್ಸ್ ಪಡೆಯ ಜನರಲ್ ಆಗಿದ್ದರು, ಲೆಬನಾನಿನಲ್ಲಿ ಕೆಲಸ ಮಾಡಿದ್ದರು, ಖಾತಮಿ ಅವರ ಅಧ್ಯಕ್ಷಾವಧಿಯಲ್ಲಿ ರಕ್ಷಣಾ ಇಲಾಖೆಯ ಉಪಸಚಿವರಾಗಿದ್ದರು. ಅಂಥವರು ಸಿರಿಯಾದ ದಮಾಸ್ಕಸ್‌ನಿಂದ ತುರ್ಕಿಯ ಇಸ್ತಾಂಬುಲ್‌ಗೆ ಬಂದು ಅಲ್ಲಿಂದ ಕಣ್ಮರೆಯಾದರು. ಯಾವಾಗ? ಇಲ್ಲೇ ಎರಡು ಮಾತು. ಕೆಲವು ವರದಿಗಳು 2006ರ ಡಿಸೆಂಬರ್ ಎನ್ನುತ್ತವೆ, ಇನ್ನು ಕೆಲವು 2007ರ ಫೆಬ್ರವರಿ ಎನ್ನುತ್ತವೆ. ಸುದ್ದಿ ಜಗತ್ತಿಗೆ ಹರಡಿದ್ದು 2007ರ ಮಾರ್ಚ್‌ನಲ್ಲಿ. ದಿನಾಂಕವೇ ಅಲುಗಾಡುವ ಪ್ರಕರಣದಲ್ಲಿ ಉದ್ದೇಶದ ಬಗ್ಗೆ ತೀರ್ಪು ಕೊಡುವವರನ್ನು ನಾನು ನಂಬಲಾರೆ.

ಇರಾನಿನ ಪೊಲೀಸ್ ಮುಖ್ಯಸ್ಥರು, ಪಾಶ್ಚಾತ್ಯ ಗುಪ್ತಚರರು ಅಪಹರಿಸಿರಬಹುದು ಎಂದರು. ಕುಟುಂಬದವರೂ ಅದನ್ನೇ ಹೇಳಿದರು. ಅದೇ ತಿಂಗಳು ಅಮೆರಿಕದ ಪತ್ರಿಕೆಯಲ್ಲಿ ಹೆಸರು ಹೇಳದ ಅಧಿಕಾರಿಯ ಮಾತು ಅಚ್ಚಾಯಿತು: ಅವರು ಸ್ವಇಚ್ಛೆಯಿಂದಲೇ ಪಾಶ್ಚಾತ್ಯ ಸಂಸ್ಥೆಗಳೊಂದಿಗೆ ಸಹಕರಿಸುತ್ತಿದ್ದಾರೆ. ತಮಗೂ ಇದಕ್ಕೂ ಸಂಬಂಧವಿಲ್ಲವೆಂದಿತು ಇಸ್ರೇಲ್. 2010ರ ಕೊನೆಯಲ್ಲಿ, ಅವರು ಇಸ್ರೇಲಿನ ಸೆರೆಯಲ್ಲಿ ಸತ್ತರೆಂಬ ವರದಿಗಳು ಬಂದವು.

ಈಗ ಒಂದು ಹಾಳೆಯನ್ನು ಮೂರು ಭಾಗ ಮಾಡಿ: ಕಂಡದ್ದು, ಹೇಳಿದ್ದು, ಊಹಿಸಿದ್ದು. ನಾನು ಹಾಗೆ ಮಾಡಿದಾಗ ಮೊದಲ ಭಾಗದಲ್ಲಿ ಉಳಿದದ್ದು ಒಂದೇ ಸಾಲು: ಇಸ್ತಾಂಬುಲ್‌ಗೆ ಬಂದರು, ಆಮೇಲೆ ಕಾಣಲಿಲ್ಲ. ಮಿಕ್ಕದ್ದೆಲ್ಲ ಎರಡನೆಯ ಮತ್ತು ಮೂರನೆಯ ಭಾಗಕ್ಕೆ ಸೇರಿತು.

ಹೇಳಿದವರಿಗೆ ಆ ಮಾತಿನಿಂದ ಏನು ಲಾಭ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ತನ್ನ ಜನರಲ್ ತಾನಾಗಿ ಎದ್ದುಹೋದ ಎಂದು ಒಪ್ಪುವುದು ಇರಾನಿಗೆ ಅವಮಾನ. ಅಪಹರಣವೆಂದರೆ ಮಾನ ಉಳಿಯುತ್ತದೆ. ಅತ್ತ, ತುರ್ಕಿಯ ನೆಲದಲ್ಲಿ ಒಬ್ಬ ಜನರಲ್‌ನನ್ನು ಹೊತ್ತೊಯ್ದೆವೆಂದು ಯಾವ ದೇಶವೂ ಹೇಳಿಕೊಳ್ಳುವುದಿಲ್ಲ. ತಾನಾಗಿ ಬಂದರು ಎನ್ನುವುದೇ ಅವರಿಗೆ ಅನುಕೂಲ. ಹಾಗೆಂದು ಎರಡೂ ಸುಳ್ಳು ಎಂದಾಗುವುದಿಲ್ಲ. ಲಾಭವಿರುವ ಮಾತು ನಿಜವೂ ಆಗಿರಬಹುದು. ಟೆಹ್ರಾನ್‌ನಲ್ಲಿರುವ ಪತ್ನಿ ಬೇರೆ ಮಾತು ಆಡಲು ಸಾಧ್ಯವಿತ್ತೇ ಎಂಬುದನ್ನು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ. ನನ್ನ ಒಲವು 'ತಾನಾಗಿ ಹೋದರು' ಎಂಬ ಕಡೆಗೆ ವಾಲುತ್ತದೆ. ಆದರೂ ಪರೀಕ್ಷೆಯ ಉತ್ತರದಲ್ಲಿ 'ಎನ್ನಲಾಗಿದೆ' ಎಂಬ ಪದವನ್ನು ಬಿಡುವುದಿಲ್ಲ.

2007ರ ಸೆಪ್ಟೆಂಬರ್ 6ರಂದು ಸಿರಿಯಾದ ಪರಮಾಣು ಸ್ಥಾವರದ ಮೇಲೆ ಇಸ್ರೇಲ್ ನಡೆಸಿದ ದಾಳಿಗೆ ಅಸ್ಗರಿ ಕೊಟ್ಟ ಮಾಹಿತಿಯೇ ಕಾರಣವೆಂದು ಹಲವರು ಬರೆದರು. ದಾಳಿ ನಡೆದದ್ದು ನಿಜ. 2018ರಲ್ಲಿ ಇಸ್ರೇಲ್ ಬಹಿರಂಗವಾಗಿ ಒಪ್ಪಿಕೊಂಡಿತು. ಕೊಂಡಿ ಮಾತ್ರ ಊಹೆಯ ಭಾಗದಲ್ಲೇ ಇರಲಿ.

ವಿಭೀಷಣನ ಸಮಸ್ಯೆ

ಬಂದವನನ್ನು ಸೇರಿಸಿಕೊಳ್ಳುವವರಿಗೂ ನಿದ್ದೆ ಬರುವುದಿಲ್ಲ. ವಿಭೀಷಣ ಬಂದಾಗ ಸುಗ್ರೀವ, ಇವನು ರಾವಣನ ಗೂಢಚಾರ, ಕೊಂದುಬಿಡೋಣ ಎಂದ. ಹನುಮಂತ ಅವನ ಮಾತು, ಮುಖಭಾವಗಳನ್ನು ಗಮನಿಸಿ, ಸೇರಿಸಿಕೊಳ್ಳೋಣ ಎಂದ. ಇಂದಿನ ಗುಪ್ತಚರ ಸಂಸ್ಥೆಗಳ ಕೋಣೆಗಳಲ್ಲೂ ಇದೇ ವಾದ ನಡೆಯುತ್ತದೆ. ಬಂದವನು ತಿಳಿಸಿದ್ದನ್ನು ಬೇರೆ ಮೂಲಗಳಿಂದ ಒರೆಗೆ ಹಚ್ಚುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ತನಕ ಮೌನ ಸಹಜ. ಹಾಗಾಗಿ ಮೌನವನ್ನು ಯಾವ ಪಕ್ಷದ ಸಾಕ್ಷ್ಯವಾಗಿಯೂ ಎಣಿಸಬೇಡಿ.

ಚೀನಾದ ಮಾರ್ಷಲ್

ಹೋಲಿಕೆಗೆ ಲಿನ್ ಬಿಯಾವೊ. ಚೀನಾದ ರಕ್ಷಣಾ ಸಚಿವ. 1969ರಲ್ಲಿ ಮಾವೊ ಅವರ ಉತ್ತರಾಧಿಕಾರಿ ಎಂದು ಪಕ್ಷದ ಸಂವಿಧಾನದಲ್ಲೇ ಹೆಸರು ಬರೆಯಲಾಗಿತ್ತು. 1971ರ ಸೆಪ್ಟೆಂಬರ್ 13ರ ನಡುರಾತ್ರಿ ಪತ್ನಿ, ಮಗನೊಂದಿಗೆ ಟ್ರೈಡೆಂಟ್ ವಿಮಾನ ಹತ್ತಿದರು. ಅದು ಮಂಗೋಲಿಯಾದ ಉಂದುರ್‌ಖಾನ್ ಬಳಿ ಬಿತ್ತು. ಒಂಬತ್ತು ಜನರೂ ಸತ್ತರು. ಮಾವೊ ವಿರುದ್ಧದ ಸಂಚು ಬಯಲಾಗಿ ಸೋವಿಯತ್ ಕಡೆಗೆ ಓಡುತ್ತಿದ್ದರು ಎಂಬುದು ಸರ್ಕಾರದ ಹೇಳಿಕೆ. ಚೀನಾ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ಮೆರವಣಿಗೆ ರದ್ದಾದದ್ದು, ಪತ್ರಿಕೆಗಳಿಂದ ಅವರ ಹೆಸರು ಮಾಯವಾದದ್ದು ಇವುಗಳನ್ನು ನೋಡಿಯೇ ಹೊರಗಿನವರು ಏನೋ ನಡೆದಿದೆ ಎಂದು ಅರಿತರು. ಇಲ್ಲಿ ಒಂದು ಗಟ್ಟಿ ಸಾಕ್ಷ್ಯವಿದೆ: ಸೋವಿಯತ್ ತಜ್ಞರು ಶವಗಳನ್ನು ಹೊರತೆಗೆದು, ಹಲ್ಲು ಮತ್ತು ಹಳೆಯ ಕ್ಷಯದ ಗುರುತಿನಿಂದ ಅದು ಲಿನ್ ಎಂದು ಖಚಿತಪಡಿಸಿದರು. ಸತ್ತದ್ದು ಯಾರೆಂಬುದು ಅದರಿಂದ ತಿಳಿಯಿತು. ಏಕೆ ಹೊರಟರು, ಮನಸಾರೆ ಹೊರಟರೇ ಎಂಬ ವಾದ ಇಂದಿಗೂ ನಿಂತಿಲ್ಲ.

ನಮ್ಮ ಊರಿನ ಒಂದು ಹೆಸರು

ಸುಬೇದಾರರು ಕೊನೆಯಲ್ಲಿ ನೆನಪಿಸಿದ್ದು ಅಜ್ಜಮಾಡ ದೇವಯ್ಯ ಅವರನ್ನು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವನ್ನು ನಾವು ದಿನವೂ ದಾಟುತ್ತೇವೆ. ಅಸ್ಗರಿ, ಲಿನ್ ಅವರ ಸಾಲಿಗೆ ಅವರು ಸೇರುವವರಲ್ಲ. 'ನಾಪತ್ತೆ' ಎಂಬ ಪದದ ಭಾರ ತಿಳಿಯಲೆಂದು ಮಾತ್ರ ಇಲ್ಲಿ ತಂದಿದ್ದೇನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರದು ಮರಳಲಿಲ್ಲ. ಅವರಿಗೆ ಏನಾಯಿತೆಂದು ವಾಯುಪಡೆಗೆ ಗೊತ್ತಿರಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರಗಳನ್ನು 1979ರಲ್ಲಿ ಪ್ರಕಟಿಸಿದಾಗ ಗೊತ್ತಾಯಿತು: ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಮೇಲೆರಗಿದಾಗ, ಪೆಟ್ಟು ತಿಂದ ತಮ್ಮ ವಿಮಾನದಲ್ಲೇ ತಿರುಗಿ ಹೋರಾಡಿ ಅದನ್ನು ಉರುಳಿಸಿದವರು ದೇವಯ್ಯ. ಆ ನೆಲದ ಹಳ್ಳಿಗರೇ ಅವರ ದೇಹವನ್ನು ಮಣ್ಣು ಮಾಡಿದ್ದರು.

ಕಂಡದ್ದು ಎಂಬ ಭಾಗದಲ್ಲಿ 14 ವರ್ಷ ಅವರದೂ ಒಂದೇ ಸಾಲಿತ್ತು: ಹೋದರು, ಮರಳಲಿಲ್ಲ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, 23 ವರ್ಷಗಳ ನಂತರ. ಅದನ್ನು ಸ್ವೀಕರಿಸಿದವರು ಅವರ ಪತ್ನಿ.