ಮದುವೆ ಕಾಗದ ಹಂಚಿದ ಮೇಲೆ ಬಂದ ಇನ್ನೊಂದು ಕಾಗದ

ಮಂಗಳೂರು ಹಂಪನಕಟ್ಟೆಯ ನನ್ನ ವಕೀಲಿ ಆಫೀಸಿಗೆ ಒಂದು ಸಂಜೆ ಮೂವರು ಬಂದರು. ಹುಡುಗಿ, ಅವಳ ಅಮ್ಮ, ಸೋದರಮಾವ. ಮದುವೆಗೆ ಇಪ್ಪತ್ತು ದಿನ ಬಾಕಿ. ಹಾಲ್ ಬುಕ್ ಆಗಿದೆ, ಶಂಕರಪುರ ಮಲ್ಲಿಗೆಗೆ ಮುಂಗಡ ಕೊಟ್ಟಾಗಿದೆ, ಕಾಗದವೂ ಮುಕ್ಕಾಲು ಪಾಲು ಹಂಚಿ ಆಗಿದೆ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಮಾವ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. ಮದುಮಗನ ಚಿಕ್ಕಪ್ಪನಿಗೆ ಯಾರೋ ವಾಟ್ಸಾಪ್ ಮಾಡಿದ ಫೋಟೋ. ಐದು ವರ್ಷ ಹಿಂದಿನ ವಿವಾಹ ನೋಂದಣಿ ಪತ್ರ. ಅದರಲ್ಲಿ ಈ ಹುಡುಗಿಯ ಹೆಸರು, ಪಕ್ಕದಲ್ಲಿ ಬೇರೊಬ್ಬನ ಹೆಸರು.

"ಇದಕ್ಕೆ ಬೆಲೆ ಉಂಟಾ ಮೇಡಂ?" ಎಂದರು ಮಾವ. ಅಮ್ಮ ಬಾಯಿ ಬಿಡಲಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಹೊತ್ತಿಗೆ ಅಪ್ಪನಿಗಿಂತ ಮೊದಲು ಸೋದರಮಾವ ಹೊರಡುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಅಳಿಯಕಟ್ಟು (ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಪದ್ಧತಿ) ಆಸ್ತಿಯ ಲೆಕ್ಕದಿಂದ ಹೋಯಿತು, ಮನೆಯ ಜಗಲಿಯಿಂದ ಹೋಗಲಿಲ್ಲ.

ಹುಡುಗಿ ಹೇಳಿದ್ದು ಇಷ್ಟು. ಕಾಲೇಜು ಮುಗಿಯುವಾಗ ಪ್ರೀತಿ. ಮನೆಯಲ್ಲಿ ಬೇರೆ ಸಂಬಂಧ ನೋಡುತ್ತಾರೆಂಬ ಹೆದರಿಕೆಗೆ ಇಬ್ಬರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿದರು. ಸಂಜೆ ಅವರವರ ಮನೆಗೆ ಹೋದರು. ಒಂದು ದಿನವೂ ಜೊತೆಗೆ ಇರಲಿಲ್ಲ. ವರ್ಷದೊಳಗೆ ಜಗಳ, ಅಲ್ಲಿಗೆ ಮುಗಿಯಿತು. "ಅದು ಮದುವೆ ಅಂತ ನನಗೆ ಅನ್ನಿಸಲೇ ಇಲ್ಲ ಮೇಡಂ."

ಬರೀ ಪ್ರೀತಿಯ ವಿಷಯವಾಗಿದ್ದರೆ ನಾನು ಚಹಾ ಕುಡಿಸಿ ಕಳಿಸುತ್ತಿದ್ದೆ. ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ಕೇಳುವುದು ಬೇರೆಯೇ: ಬದುಕಿರುವ ಗಂಡ ಅಥವಾ ಹೆಂಡತಿ ಇದ್ದಾರಾ, ಬುದ್ಧಿ ಸ್ವಸ್ಥವಾಗಿ ಇದೆಯಾ, ಮದುವೆಯ ವಯಸ್ಸು ಆಗಿದೆಯಾ, ಮದುವೆಯಾಗಬಾರದ ನೆಂಟಸ್ತಿಕೆಯಾ. ಹಿಂದೆ ಯಾರನ್ನು ಇಷ್ಟಪಟ್ಟೆ ಎಂದು ಕೇಳುವುದಿಲ್ಲ. ಮದುವೆಯಾದ ಮೇಲೆ ಗಂಡ 12ನೇ ಕಲಂ ಹಿಡಿದು ಮೋಸ ಎಂದು ಬರಬಹುದು. ಆದರೆ ಹಳೇ ಪ್ರೀತಿ ಹೇಳಲಿಲ್ಲ ಎಂಬುದೊಂದನ್ನೇ ಇಟ್ಟುಕೊಂಡು ಮದುವೆ ರದ್ದು ಮಾಡಿಸುವುದು ಸುಲಭ ಅಲ್ಲ. ಹೇಳಬೇಕೋ ಬೇಡವೋ ಎಂಬುದು ಅವಳಿಗೆ ಬಿಟ್ಟದ್ದು.

ಮೊದಲ ಮದುವೆಯ ಕಾಗದದ ಲೆಕ್ಕ ಬೇರೆ. ನಾನು ಫೋಟೋ ದೊಡ್ಡದು ಮಾಡಿ ನೋಡಿದ್ದು ಒಂದೇ ಸಾಲನ್ನು: ಯಾವ ಕಾಯ್ದೆಯಡಿ ಎಂದು. 1954ರ ವಿಶೇಷ ವಿವಾಹ ಕಾಯ್ದೆ ಎಂದಿದ್ದರೆ, ಮೂವರು ಸಾಕ್ಷಿಗಳ ಎದುರು ಅಧಿಕಾರಿಯ ಮುಂದೆ ಒಪ್ಪಿ ಸಹಿ ಹಾಕಿದ್ದೇ ಮದುವೆ. ಡೈವೋರ್ಸ್ ಆಗದೆ ಬೇರೆ ದಾರಿ ಇಲ್ಲ. ಆದರೆ ಆ ಕಾಯ್ದೆಯಲ್ಲಿ ನೋಟಿಸ್ ಹಾಕಿ 30 ದಿನ ಕಾಯಬೇಕು. ಗುಟ್ಟಾಗಿ ಓಡಿ ಬಂದ ಜೋಡಿಗೆ ಅಷ್ಟು ತಾಳ್ಮೆ ಎಲ್ಲಿಂದ? ಅವರ ಕೈಯಲ್ಲಿ ಜಾಸ್ತಿ ನಾನು ನೋಡುವುದು 1955ರ ಹಿಂದೂ ವಿವಾಹ ಕಾಯ್ದೆಯ ಪತ್ರವನ್ನೇ. ಇವಳದ್ದೂ ಅದೇ.

ಇಲ್ಲಿ ಸ್ವಲ್ಪ ಉಸಿರು ಬಿಡಬಹುದು. ಹಿಂದೂ ಕಾಯ್ದೆಯಲ್ಲಿ ನೋಂದಣಿ ಎಂದರೆ ಆಗಿಹೋದ ಮದುವೆಗೆ ದಾಖಲೆ, ಅಷ್ಟೇ. ಶಾಸ್ತ್ರವೇ ನಡೆಯದಿದ್ದರೆ ಬರೀ ಪತ್ರದಿಂದ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

"ಹಾಗಾದ್ರೆ ಆಯ್ತಲ್ಲ!" ಎಂದು ಮಾವ ಎದ್ದೇಬಿಟ್ಟರು. ಕೂರಿಸಿದೆ. ಪತ್ರದಲ್ಲಿ ಇಂಥ ದಿನ ಇಂಥ ದೇವಸ್ಥಾನದಲ್ಲಿ ಮದುವೆ ಆಯಿತು ಎಂದು ಬರೆದಿದೆ, ಅದಕ್ಕೆ ಹುಡುಗಿಯದ್ದೇ ಸಹಿ ಇದೆ. ಶಾಸ್ತ್ರ ನಡೆದಿಲ್ಲ ಎಂದು ನಾವು ನಾವೇ ತೀರ್ಮಾನ ಮಾಡಿಕೊಂಡರೆ ಸಾಲದು. ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ಆ ಮದುವೆ ಮದುವೆಯೇ ಅಲ್ಲ ಎಂದು ಆದೇಶ ತರಬೇಕು. ಆ ಹುಡುಗ ಒಪ್ಪಿ ಬಂದರೂ ಅದು ಇಪ್ಪತ್ತು ದಿನದ ಕೆಲಸವಲ್ಲ. ಅದಿಲ್ಲದೆ ಧಾರೆ ಎರೆಸಿ, ನಾಳೆ ಮೊದಲ ಮದುವೆ ನಿಜವೆಂದು ತೀರ್ಪಾದರೆ, ಈ ಮದುವೆ ಹುಟ್ಟುವಾಗಲೇ ಅಸಿಂಧು. ಮೇಲಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಉಂಟು: ಎರಡನೇ ಮದುವೆಗೆ 7 ವರ್ಷದವರೆಗೆ, ಮೊದಲನೆಯದ್ದನ್ನು ಮುಚ್ಚಿಟ್ಟು ಮದುವೆಯಾದರೆ 10 ವರ್ಷದವರೆಗೆ ಜೈಲು.

ಇಲ್ಲಿಯ ಕ್ರಿಶ್ಚಿಯನ್ನರ ಒಂದು ಪದ್ಧತಿ ನನಗೆ ಇಷ್ಟ. ಮದುವೆಗೆ ಮೊದಲು ಚರ್ಚಿನಲ್ಲಿ ಜೋಡಿಯ ಹೆಸರು ಓದಿ, ಅಡ್ಡಿ ಇದ್ದವರು ಹೇಳಿ ಎನ್ನುತ್ತಾರೆ. ನಮ್ಮಲ್ಲಿ ಜಾತಕ ಹತ್ತು ಸಲ ನೋಡುತ್ತೇವೆ, ಹುಡುಗಿಯನ್ನು ಒಂದು ಸಲ ಒಬ್ಬಳನ್ನೇ ಕೂರಿಸಿ ಕೇಳುವುದಿಲ್ಲ.

ಮಾವನಿಗೆ ಇನ್ನೊಂದು ಯೋಚನೆ ಇತ್ತು. "ಫೋಟೋ ಕಳಿಸಿದವನಿಗೆ ಒಂದೆರಡು ಲಕ್ಷ ಕೊಟ್ಟು ಬಾಯಿ ಮುಚ್ಚಿಸುವ." ಬೇಡವೇ ಬೇಡ ಎಂದೆ. ಒಮ್ಮೆ ಕೊಟ್ಟರೆ ಸೀಮಂತಕ್ಕೂ ಬರುತ್ತಾನೆ. ಬೆದರಿಸಿ ದುಡ್ಡು ಕೇಳಿದರೆ ಅದು ಸುಲಿಗೆ, ಅದೇ ಸಂಹಿತೆಯ 308ನೇ ಕಲಂ. ಮೆಸೇಜು ಅಳಿಸಬೇಡಿ, ನಂಬರ್ ಬರೆದಿಡಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಸಿಟ್ಟಿನಲ್ಲಿ ಮೊಬೈಲ್ ಫಾರ್ಮ್ಯಾಟ್ ಮಾಡಿಸಿ ಬಂದವರನ್ನೂ ನೋಡಿದ್ದೇನೆ, ಏನು ಹೇಳುವುದು!

ಮದುಮಗನಿಗೆ ಯಾರು ಹೇಳುವುದು ಎಂಬ ಮಾತು ಬಂತು. ಹಿರಿಯರು ಹೋಗಿ ಮಾತಾಡುವ ಎಂದರು ಮಾವ. ಹುಡುಗಿ ಆಗ ಮೊದಲ ಸಲ ದನಿ ಎತ್ತಿದಳು. "ನಾನೇ ಹೇಳ್ತೇನೆ ಮಾವ." ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದಳು. ಮುಕ್ಕಾಲು ಗಂಟೆ. ಒಳಗೆ ನಾವು ಮೂವರು ಫ್ಯಾನ್ ಸದ್ದು ಕೇಳುತ್ತಾ ಕೂತಿದ್ದೆವು.

ಮದುವೆ ಮುಂದಕ್ಕೆ ಹೋಯಿತು. ಮಲ್ಲಿಗೆಯ ಮುಂಗಡ ವಾಪಸು ಬಂತು, ಹಾಲಿನದ್ದು ಬರಲಿಲ್ಲ. ಅರ್ಜಿ ನಡೆಯುತ್ತಿದೆ. ಮದುಮಗ ಹೂಂ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಪ್ರತಿ ವಾಯಿದೆ ಮುಗಿದ ಸಂಜೆ ನನಗೆ ಫೋನ್ ಮಾಡಿ, ಮುಂದಿನ ತಾರೀಕು ಯಾವಾಗ ಎಂದು ಕೇಳಿ ಇಡುತ್ತಾನೆ.