ಯಾವುದು ಬದಲಾಗುವುದಿಲ್ಲ? ನೇರ ಮತ್ತು ವಿಲೋಮ ಅನುಪಾತದ ಟಿಪ್ಪಣಿ

ಎಂಟನೆಯ ತರಗತಿಯಲ್ಲಿ ಒಂದು ಅಧ್ಯಾಯವಾಗಿ ಬಂದು ಹೋಗುವ ನೇರ ಮತ್ತು ವಿಲೋಮ ಅನುಪಾತ, ಮುಂದೆ ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗಳಿಗೆ ಓದುವಾಗ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಕೆಲಸ ಮತ್ತು ಕಾಲ, ವೇಗ ಮತ್ತು ದೂರ, ಮಿಶ್ರಣ, ಶೇಕಡಾವಾರು ಎಂದು ನಾವು ಪ್ರತ್ಯೇಕವಾಗಿ ಅಭ್ಯಾಸ ಮಾಡುವ ಎಷ್ಟೋ ಲೆಕ್ಕಗಳ ಬೇರು ಇಲ್ಲೇ ಇದೆ. ಜೊತೆಯಲ್ಲಿ ಓದುತ್ತಿರುವವರಿಗೆ ಉಪಯೋಗವಾಗಲೆಂದು ಈ ಟಿಪ್ಪಣಿ ಬರೆದಿದ್ದೇನೆ. ಉದಾಹರಣೆಗಳನ್ನು ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಹೊಲ, ಮಾರುಕಟ್ಟೆ ಮತ್ತು ಅಡುಗೆಮನೆಗಳಿಂದ ತೆಗೆದುಕೊಂಡಿದ್ದೇನೆ. ಸರಕಾರ ಘೋಷಿಸಿದ ಬೆಲೆ ಎಂದು ಹೇಳಿರುವುದನ್ನು ಬಿಟ್ಟರೆ ಉಳಿದ ದರ, ದೂರಗಳೆಲ್ಲ ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು.

ನಾವೆಲ್ಲ ಬಾಯಿಪಾಠ ಮಾಡಿರುವ ಸಾಲು ಇದು: ಒಂದು ಹೆಚ್ಚಾದಾಗ ಇನ್ನೊಂದೂ ಹೆಚ್ಚಾದರೆ ನೇರ, ಒಂದು ಹೆಚ್ಚಾದಾಗ ಇನ್ನೊಂದು ಕಡಿಮೆಯಾದರೆ ವಿಲೋಮ. ಈ ಸಾಲನ್ನೇ ನಂಬಿ ಹೊರಟರೆ ಸುಲಭದ ಲೆಕ್ಕಗಳು ಸರಿಬರುತ್ತವೆ, ಸ್ವಲ್ಪ ತಿರುವು ಕೊಟ್ಟು ಕೇಳಿದವು ತಪ್ಪುತ್ತವೆ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಷ್ಟೇ ಸಾಲದು, ಎಷ್ಟು ಪಟ್ಟು ಎಂಬುದೂ ಬೇಕು. ಒಂದನ್ನು ಎರಡು ಪಟ್ಟು ಮಾಡಿದಾಗ ಇನ್ನೊಂದು ಸರಿಯಾಗಿ ಎರಡು ಪಟ್ಟಾದರೆ, ಮೂರು ಪಟ್ಟಿಗೆ ಮೂರು ಪಟ್ಟಾದರೆ ಅದು ನೇರ ಅನುಪಾತ. ಆಗ ಎರಡರ ಭಾಗಲಬ್ಧ ಬದಲಾಗುವುದಿಲ್ಲ. ಒಂದನ್ನು ಎರಡು ಪಟ್ಟು ಮಾಡಿದಾಗ ಇನ್ನೊಂದು ಸರಿಯಾಗಿ ಅರ್ಧಕ್ಕಿಳಿದರೆ, ಮೂರು ಪಟ್ಟಿಗೆ ಮೂರನೆಯ ಒಂದು ಭಾಗವಾದರೆ ಅದು ವಿಲೋಮ. ಇಲ್ಲಿ ಬದಲಾಗದಿರುವುದು ಗುಣಲಬ್ಧ. ಆದ್ದರಿಂದ ಯಾವ ಲೆಕ್ಕ ಕೈಗೆ ಬಂದರೂ ಸೂತ್ರ ಹುಡುಕುವ ಮೊದಲು ಬದಲಾಗದೆ ನಿಂತಿರುವುದು ಯಾವುದು ಎಂದು ಕೇಳಿಕೊಳ್ಳಬೇಕು. ಅದು ಸಿಕ್ಕಿತೆಂದರೆ ಉಳಿದದ್ದು ಬರೀ ಗುಣಾಕಾರ, ಭಾಗಾಕಾರ.

ತೊಗರಿಯಿಂದ ಶುರುಮಾಡೋಣ. 2025-26ರ ಮುಂಗಾರು ಹಂಗಾಮಿಗೆ ಕೇಂದ್ರ ಸರಕಾರ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ದರದಲ್ಲಿ ಮೂರೂವರೆ ಕ್ವಿಂಟಲ್‌ಗೆ 28,000 ರೂಪಾಯಿ, 35 ಕೆ.ಜಿ.ಗೆ 2,800 ರೂಪಾಯಿ. ಹಣವನ್ನು ತೂಕದಿಂದ ಭಾಗಿಸಿದರೆ ಯಾವಾಗಲೂ ಕೆ.ಜಿ.ಗೆ 80 ರೂಪಾಯಿಯೇ ಬರುತ್ತದೆ. ಇಲ್ಲಿ ಸ್ಥಿರವಾಗಿರುವುದು ಈ 80.

ಇನ್ನು ರೈತನ ಕೈಗೆ ಬರುವ ಹಣದ ಲೆಕ್ಕ ನೋಡಿ. ಹಮಾಲಿ ಚೀಲಕ್ಕೆ 20 ರೂಪಾಯಿ, ಒಂದು ಚೀಲದಲ್ಲಿ 50 ಕೆ.ಜಿ. ಎಂದುಕೊಂಡರೆ ಕ್ವಿಂಟಲ್‌ಗೆ 40 ರೂಪಾಯಿ ಹೋಗುತ್ತದೆ. ಕೈಗೆ ಉಳಿಯುವುದು ಕ್ವಿಂಟಲ್‌ಗೆ 7,960 ರೂಪಾಯಿ. ಎರಡು ಕ್ವಿಂಟಲ್ ಒಯ್ದರೆ 15,920, ನಾಲ್ಕು ಒಯ್ದರೆ 31,840. ಹಣ ಕಡಿಮೆಯಾಗಿದೆ ನಿಜ, ಆದರೂ ಇದು ನೇರ ಅನುಪಾತವೇ, ಏಕೆಂದರೆ ಕಡಿತವೂ ತೂಕದ ಜೊತೆಯಲ್ಲೇ ಏರುತ್ತದೆ. ಹಮಾಲಿಯನ್ನು ಬದಿಗಿಟ್ಟು, ಟೆಂಪೊ ಬಾಡಿಗೆ ಮಾತ್ರ 600 ರೂಪಾಯಿ ಎಂದುಕೊಳ್ಳಿ, ಎಷ್ಟೇ ಚೀಲ ಹೇರಿದರೂ ಅಷ್ಟೇ. ಎರಡು ಕ್ವಿಂಟಲ್‌ಗೆ 15,400 ರೂಪಾಯಿ ಉಳಿಯುತ್ತದೆ. ನಾಲ್ಕು ಕ್ವಿಂಟಲ್‌ಗೆ ಅದರ ಎರಡು ಪಟ್ಟು, ಅಂದರೆ 30,800 ಎಂದು ಬರೆದರೆ ತಪ್ಪು. ಸರಿಯಾದ ಉತ್ತರ 31,400. ತೂಕ ಹೆಚ್ಚಿದಂತೆ ಹಣವೂ ಹೆಚ್ಚುತ್ತಿದೆ, ಆದರೆ ನೇರ ಅನುಪಾತ ಕೆಟ್ಟಿದೆ. ಕನಿಷ್ಠ ಬಾಡಿಗೆ ಇರುವ ಆಟೊ ಪ್ರಯಾಣ, ನಿಗದಿತ ಶುಲ್ಕ ಸೇರಿರುವ ವಿದ್ಯುತ್ ಬಿಲ್ಲು, ಇವೆಲ್ಲ ಇದೇ ಜಾತಿಯವು. ಸೊನ್ನೆ ಹಾಕಿ ಪರೀಕ್ಷಿಸುವುದು ಒಳ್ಳೆಯ ಉಪಾಯ. ತೂಕ ಸೊನ್ನೆಯಾದಾಗ ಹಣವೂ ಸೊನ್ನೆಯಾಗದಿದ್ದರೆ ಅಲ್ಲಿ ನೇರ ಅನುಪಾತವಿಲ್ಲ.

ಬೀದರಿನ ಬಿದರಿ ಪಾತ್ರೆಗಳ ಲೋಹದಲ್ಲಿ ಸತು ಮತ್ತು ತಾಮ್ರ ಇರುತ್ತವೆ. ಅವುಗಳ ಪ್ರಮಾಣವನ್ನು ಸಾಮಾನ್ಯವಾಗಿ 16:1 ಎಂದು ಹೇಳುತ್ತಾರೆ. ತಾಮ್ರ 30 ಗ್ರಾಂ ಇದ್ದರೆ ಸತು 480 ಗ್ರಾಂ ಬೇಕು ಎನ್ನುವುದು ಕಷ್ಟವಲ್ಲ. ಆದರೆ 800 ಗ್ರಾಂ ಮಿಶ್ರಲೋಹದಲ್ಲಿ ತಾಮ್ರ ಎಷ್ಟು ಎಂದು ಕೇಳಿದರೆ ಕೈ ತಾನಾಗಿಯೇ 800 ಅನ್ನು 16ರಿಂದ ಭಾಗಿಸಿ 50 ಎಂದು ಬರೆಯುತ್ತದೆ. 16 ಭಾಗ ಎಂಬುದು ಸತುವಿನ ಪಾಲು, ಒಟ್ಟು ಭಾಗಗಳು 17. ಆದ್ದರಿಂದ ತಾಮ್ರ 800 ÷ 17, ಸುಮಾರು 47 ಗ್ರಾಂ. ಪ್ರಶ್ನೆ ಒಟ್ಟು ತೂಕವನ್ನು ಕೊಟ್ಟಿದೆಯೋ ಒಂದೇ ಲೋಹದ ತೂಕವನ್ನೋ ಎಂದು ಎರಡು ಸಲ ಓದಿ ನೋಡಿ. 850 ಗ್ರಾಂ ಎಂದಿದ್ದರೆ 800 ಸತು, 50 ತಾಮ್ರ, ಪೂರ್ಣ ಸಂಖ್ಯೆಗಳೇ ಬರುತ್ತವೆ.

ವಿಲೋಮದಲ್ಲಿ ಮೊದಲು ನೆನಪಿಗೆ ಬರುವುದು ಆಳು ಮತ್ತು ದಿನಗಳ ಲೆಕ್ಕ. ಆರು ಜನ ಹತ್ತು ದಿನಗಳಲ್ಲಿ ಮುಗಿಸುವ ತೊಗರಿ ಕಟಾವನ್ನು ಹದಿನೈದು ಜನ ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಕೆಲಸದ ಒಟ್ಟು ಗಾತ್ರ 6 × 10 = 60 ಆಳು-ದಿನ. ಅದು ಬದಲಾಗುವುದಿಲ್ಲ. 60 ÷ 15 = 4 ದಿನ. ಇದರ ಹಿಂದೆ ಹೇಳದೆ ಬಿಟ್ಟ ಎರಡು ಷರತ್ತುಗಳಿವೆ: ಎಲ್ಲರೂ ಒಂದೇ ವೇಗದಲ್ಲಿ ಕೆಲಸ ಮಾಡುತ್ತಾರೆ, ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಮದುವೆ ಮನೆಯಲ್ಲಿ ಜೋಳದ ರೊಟ್ಟಿ ಸುಡುವಾಗ ಈ ಎರಡನೆಯ ಷರತ್ತು ಮುರಿಯುತ್ತದೆ. ಹಂಚು ಒಂದೇ ಇದ್ದರೆ ಹಿಟ್ಟು ಬಡಿಯಲು ಇಬ್ಬರು ಕುಳಿತರೂ ಹತ್ತು ಜನ ಕುಳಿತರೂ ನೂರು ರೊಟ್ಟಿಗೆ ಹಿಡಿಯುವ ಸಮಯ ಅಷ್ಟೇ. ಅಲ್ಲಿ ಸಮಯ ವಿಲೋಮವಾಗಿರುವುದು ಹಂಚುಗಳ ಸಂಖ್ಯೆಗೆ, ಅದೂ ಪ್ರತಿ ಹಂಚಿಗೂ ಸಾಕಷ್ಟು ಕೈಗಳಿದ್ದಾಗ ಮಾತ್ರ. ಬಿಸಿಲಿನಲ್ಲಿ ಐದು ಸೀರೆ ಒಣಗಲು ಎರಡು ಗಂಟೆ ಬೇಕಾದರೆ ಹತ್ತು ಸೀರೆ ಒಣಗಲು ಎಷ್ಟು ಎಂಬ ಪ್ರಶ್ನೆಯೂ ಹೀಗೇ. ಹರವಲು ಜಾಗವಿದ್ದರೆ ಎರಡೇ ಗಂಟೆ, ಅಲ್ಲಿ ಯಾವ ಅನುಪಾತವೂ ಇಲ್ಲ.

ನಾನು ಎಲ್ಲರಿಗೂ ಬಿಡಿಸಿ ನೋಡಲು ಹೇಳುವ ಲೆಕ್ಕವೊಂದಿದೆ, ಶಹಾಬಾದ್ ಕಲ್ಲಿನದು. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ ನೆಲಹಾಸು ಹಾಕಿಸಬೇಕು. ಒಂದಡಿ ಬಾಹುವಿನ ಚೌಕ ಕಲ್ಲುಗಳಾದರೆ 120 ಬೇಕು. ಎರಡಡಿ ಬಾಹುವಿನ ಚೌಕಗಳಾದರೆ? ಕಲ್ಲು ದೊಡ್ಡದಾದಷ್ಟೂ ಸಂಖ್ಯೆ ಕಡಿಮೆ, ಆದ್ದರಿಂದ ವಿಲೋಮ, ಬಾಹು ಎರಡು ಪಟ್ಟಾದ್ದರಿಂದ ಸಂಖ್ಯೆ ಅರ್ಧ, 60 ಎಂದು ಬಾಯಿಪಾಠದ ಸಾಲು ಹೇಳಿಸುತ್ತದೆ. ನೆಲದ ಮೇಲೆ ಗೆರೆ ಎಳೆದು ನೋಡಿದರೆ ಉದ್ದಕ್ಕೆ 6, ಅಗಲಕ್ಕೆ 5, ಒಟ್ಟು 30 ಕಲ್ಲುಗಳೇ ಸಾಕು. ಇಲ್ಲಿ ಬದಲಾಗದಿರುವುದು ನೆಲದ ವಿಸ್ತೀರ್ಣ, 120 ಚದರ ಅಡಿ. ಒಂದು ಕಲ್ಲಿನ ವಿಸ್ತೀರ್ಣವನ್ನು ಕಲ್ಲುಗಳ ಸಂಖ್ಯೆಯಿಂದ ಗುಣಿಸಿ ನೋಡಿ: 1 × 120 = 120, 4 × 30 = 120. ಬಾಹುವನ್ನು ಸಂಖ್ಯೆಯಿಂದ ಗುಣಿಸಿದರೆ ಒಮ್ಮೆ 120, ಇನ್ನೊಮ್ಮೆ 60. ಕಲ್ಲುಗಳ ಸಂಖ್ಯೆ ವಿಲೋಮವಾಗಿರುವುದು ವಿಸ್ತೀರ್ಣಕ್ಕೆ, ಬಾಹುವಿಗಲ್ಲ. ಎರಡಡಿ ಉದ್ದ, ಒಂದಡಿ ಅಗಲದ ಕಲ್ಲುಗಳಾದರೆ ಮಾತ್ರ 60 ಎಂಬ ಉತ್ತರ ಸರಿ.

ದಾಸ್ತಾನಿನ ಲೆಕ್ಕ ಪರೀಕ್ಷೆಗಳಲ್ಲಿ ತಪ್ಪದೆ ಬರುವಂಥದ್ದು. ವಸತಿನಿಲಯದಲ್ಲಿ 60 ವಿದ್ಯಾರ್ಥಿಗಳಿಗೆ 20 ದಿನಗಳಿಗಾಗುವಷ್ಟು ತೊಗರಿಬೇಳೆ ಇದೆ. ಐದು ದಿನ ಕಳೆದ ಮೇಲೆ 15 ಮಂದಿ ಹೊಸಬರು ಸೇರಿದರು. ಉಳಿದ ಬೇಳೆ ಎಷ್ಟು ದಿನ ಬರುತ್ತದೆ? 60 × 20 = 1,200 ಪಾಲು ಎಂದು ಶುರುಮಾಡಿ 75ರಿಂದ ಭಾಗಿಸಿದರೆ 16 ಬರುತ್ತದೆ. ಆಯ್ಕೆಗಳಲ್ಲಿ ಆ 16 ಇದ್ದೇ ಇರುತ್ತದೆ, ಅದಕ್ಕೆ ಮರುಳಾಗಬೇಡಿ. ಐದು ದಿನಗಳಲ್ಲಿ ಉಂಡದ್ದು ಹೋಯಿತು. ಉಳಿದದ್ದು 60 ಜನರಿಗೆ 15 ದಿನ, ಅಂದರೆ 900 ಪಾಲು. 900 ÷ 75 = 12 ದಿನ. ಸೇರುವ ಬದಲು 15 ಮಂದಿ ಊರಿಗೆ ಹೋಗಿದ್ದರೆ 900 ÷ 45 = 20 ದಿನ. ಜನಸಂಖ್ಯೆ ಬದಲಾದ ದಿನದಿಂದಲೇ ಹೊಸ ಲೆಕ್ಕ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಬೇಳೆಯ ಬೆಲೆ ಕೆ.ಜಿ.ಗೆ 120ರಿಂದ 150 ರೂಪಾಯಿಗೆ ಏರಿತು, ಅಂದರೆ ಶೇ 25. ಮನೆಯ ಖರ್ಚು ಅಷ್ಟೇ ಇರಬೇಕಾದರೆ ಬಳಕೆಯನ್ನು ಶೇಕಡ ಎಷ್ಟು ತಗ್ಗಿಸಬೇಕು? ಶೇ 25 ಅಲ್ಲ. ಖರ್ಚು 600 ರೂಪಾಯಿ ಎಂದಿಟ್ಟುಕೊಂಡರೆ ಮೊದಲು 5 ಕೆ.ಜಿ. ಬರುತ್ತಿತ್ತು, ಈಗ 4 ಕೆ.ಜಿ. ಇಳಿಕೆ ಶೇ 20. ಬೆಲೆ 4:5 ಆದರೆ ತೂಕ 5:4. ಕಲಬುರಗಿಯಿಂದ ಬೀದರಿಗೆ 120 ಕಿ.ಮೀ. ಎಂದುಕೊಂಡು ಬಸ್ಸಿನ ವೇಗವನ್ನು ಗಂಟೆಗೆ 40ರಿಂದ 50 ಕಿ.ಮೀ.ಗೆ ಏರಿಸಿದರೆ 180 ನಿಮಿಷದ ಪ್ರಯಾಣ 144 ನಿಮಿಷವಾಗುತ್ತದೆ. ಇಲ್ಲಿಯೂ ಏರಿಕೆ ಶೇ 25, ಇಳಿಕೆ ಶೇ 20. ಬೇಳೆ, ಬಸ್ಸು ಬೇರೆ ಬೇರೆ ಪ್ರಶ್ನೆಗಳಲ್ಲ. ಒಂದರಲ್ಲಿ ಖರ್ಚು ಸ್ಥಿರ, ಇನ್ನೊಂದರಲ್ಲಿ ದೂರ ಸ್ಥಿರ, ಅಷ್ಟೇ ವ್ಯತ್ಯಾಸ. ಅದೇ ದಾರಿಯಲ್ಲಿ ಹೋಗುವಾಗ 40, ಬರುವಾಗ 60ರ ವೇಗವಾದರೆ ಸರಾಸರಿ 50 ಅಲ್ಲ. ಹೋಗಲು 3 ಗಂಟೆ, ಬರಲು 2 ಗಂಟೆ, 240 ಕಿ.ಮೀ.ಗೆ 5 ಗಂಟೆ, ಸರಾಸರಿ 48. ನಿಧಾನದ ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಸರಾಸರಿ 40ರ ಕಡೆಗೆ ವಾಲುತ್ತದೆ.

ಈ ಲೆಕ್ಕಗಳಿಗೆ ನಮ್ಮಲ್ಲಿ ತ್ರೈರಾಶಿಕ ಎಂಬ ಹಳೆಯ ಹೆಸರಿದೆ. ಗೊತ್ತಿರುವ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವುದು ಎಂದರ್ಥ. 499ರಲ್ಲಿ ಆರ್ಯಭಟ ಇದನ್ನು ಸೂತ್ರವಾಗಿ ಹೇಳಿದ್ದಾನೆ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ, ವಿಲೋಮದ ಲೆಕ್ಕಗಳೂ ಅಲ್ಲಿವೆ. ಗ್ರಂಥದ ಆರಂಭದಲ್ಲಿ ಅವನು ಕೊಂಡಾಡುವ ದೊರೆ ರಾಷ್ಟ್ರಕೂಟ ಅಮೋಘವರ್ಷ, ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಇಂದಿನ ಮಳಖೇಡ. ಈ ಗಣಿತಕ್ಕೆ ನಮ್ಮ ಜಿಲ್ಲೆಯೊಂದಿಗೆ ಇಂಥ ನಂಟಿದೆ ಎಂಬುದು ನನಗೆ ದೊಡ್ಡ ಹೆಮ್ಮೆ. ಮಳಖೇಡದ ಕೋಟೆ ನೋಡಲು ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಅಲ್ಲಿಯೇ ಒಂದು ತ್ರೈರಾಶಿಕ ಬಿಡಿಸಿ ತೋರಿಸಿದರೆ ಎಷ್ಟು ಚೆನ್ನ.

ಆ ಹೆಸರುಗಳನ್ನು ಇಂದಿಗೂ ಬಳಸಬಹುದು. 5 ಕೆ.ಜಿ.ಗೆ 600 ರೂಪಾಯಿ, 8 ಕೆ.ಜಿ.ಗೆ ಎಷ್ಟು ಎಂಬಲ್ಲಿ 5 ಪ್ರಮಾಣ, 600 ಫಲ, 8 ಇಚ್ಛೆ. 600 × 8 ÷ 5 = 960. ವಿಲೋಮದಲ್ಲಿ ಪ್ರಮಾಣ ಮತ್ತು ಇಚ್ಛೆ ಜಾಗ ಬದಲಿಸಿಕೊಳ್ಳುತ್ತವೆ: 6 ಜನಕ್ಕೆ 10 ದಿನ, 15 ಜನಕ್ಕೆ 10 × 6 ÷ 15 = 4. ಪ್ರಮಾಣ ಮತ್ತು ಇಚ್ಛೆ ಒಂದೇ ಜಾತಿಯವಾಗಿರಬೇಕು, ಒಂದೇ ಏಕಮಾನದಲ್ಲಿರಬೇಕು. ಒಂದು ಕಡೆ ಕ್ವಿಂಟಲ್, ಇನ್ನೊಂದು ಕಡೆ ಕೆ.ಜಿ. ಇಟ್ಟರೆ ಸೂತ್ರ ಕಾಪಾಡುವುದಿಲ್ಲ.

ಮೂರು ನಾಲ್ಕು ಸಂಗತಿಗಳು ಒಟ್ಟಿಗೆ ಬದಲಾದಾಗ ಬಾಣದ ಗುರುತು ಹಾಕಿ ಮೇಲೆ ಕೆಳಗೆ ಎಂದು ಗುಣಿಸುವ ವಿಧಾನವನ್ನು ಹಲವರು ಕಲಿಸುತ್ತಾರೆ. ನನಗೆ ಅದಕ್ಕಿಂತ ಒಂದರ ಬೆಲೆಗೆ ಇಳಿದು ಹತ್ತುವ ದಾರಿಯೇ ಮೆಚ್ಚು, ಅದರಲ್ಲಿ ಪ್ರತಿ ಹೆಜ್ಜೆಗೂ ಅರ್ಥವಿದೆ. 12 ಜನ ದಿನಕ್ಕೆ 8 ಗಂಟೆಯಂತೆ 5 ದಿನ ದುಡಿದು 6 ಎಕರೆ ಕಟಾವು ಮಾಡುತ್ತಾರೆ. 15 ಜನ ದಿನಕ್ಕೆ 6 ಗಂಟೆ ದುಡಿದರೆ 9 ಎಕರೆಗೆ ಎಷ್ಟು ದಿನ? 12 × 8 × 5 = 480 ಆಳು-ಗಂಟೆಗೆ 6 ಎಕರೆ, ಅಂದರೆ ಎಕರೆಗೆ 80. ಒಂಬತ್ತು ಎಕರೆಗೆ 720. ಹೊಸ ತಂಡ ಒಂದು ದಿನಕ್ಕೆ ಕೊಡುವುದು 15 × 6 = 90 ಆಳು-ಗಂಟೆ. 720 ÷ 90 = 8 ದಿನ. ಎಕರೆಗೆ 80 ಎಂಬುದೇ ಇಲ್ಲಿ ಬದಲಾಗದ ಸಂಖ್ಯೆ, ಅದು ಸಿಗುವವರೆಗೆ ಮುಂದೆ ಹೋಗಬೇಡಿ.

ನೀವೇ ಬಿಡಿಸಲು ಎರಡು ಲೆಕ್ಕಗಳು. ಯಾದಗಿರಿಯ ಭೀಮಾ ದಂಡೆಯಲ್ಲಿ ಸಮಾನ ಶಕ್ತಿಯ ಮೂರು ಪಂಪುಗಳು ಒಂದು ತೊಟ್ಟಿಯನ್ನು 4 ಗಂಟೆಗಳಲ್ಲಿ ತುಂಬುತ್ತವೆ. ಒಂದು ಗಂಟೆಯಾದ ಮೇಲೆ ಒಂದು ಪಂಪು ಕೆಟ್ಟು ನಿಂತಿತು. ತೊಟ್ಟಿ ತುಂಬಲು ಇನ್ನೆಷ್ಟು ಹೊತ್ತು ಬೇಕು? ಎರಡನೆಯದು: ಒಂದು ಕೆ.ಜಿ. ಜೋಳದ ಹಿಟ್ಟಿನಿಂದ 8 ಅಂಗುಲ ವ್ಯಾಸದ 18 ರೊಟ್ಟಿಗಳಾಗುತ್ತವೆ. ದಪ್ಪವನ್ನು ಅಷ್ಟೇ ಇಟ್ಟು ವ್ಯಾಸವನ್ನು 12 ಅಂಗುಲ ಮಾಡಿದರೆ ಎಷ್ಟು ರೊಟ್ಟಿಗಳಾಗುತ್ತವೆ? ಮೊದಲನೆಯದರ ಉತ್ತರ ನಾಲ್ಕೂವರೆ ಗಂಟೆ. ಎರಡನೆಯದರ ಉತ್ತರ 8. ನಿಮಗೆ 12 ಬಂದಿದ್ದರೆ ಶಹಾಬಾದ್ ಕಲ್ಲಿನ ಲೆಕ್ಕವನ್ನು ಮತ್ತೊಮ್ಮೆ ಓದಿ.